ಕೂಗು ಕೇಳಿ, ರೂಪ ನೋಡಿ ಹಕ್ಕಿ ಗುರುತಿಸುವುದು: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಂಡೆ ಗುಡ್ಡ, ಎರೆ ಹೊಲ, ಕಾಲುವೆ ಗದ್ದೆ, ಕೆರೆಗಳ ಸೀಮೆ. ಮಲೆನಾಡಿನ ಹಕ್ಕಿಗಳ ಬಗ್ಗೆ ಬರೆದ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಆದರೆ ಅದನ್ನು ಓದಿಕೊಂಡು ಸಿಂಧನೂರಿನ ಗದ್ದೆ ಬದುವಿನ ಮೇಲೆ ನಿಂತರೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿನವರು ಕೇಳುವ ಪ್ರಶ್ನೆಗಳಿಗೆ ಇಲ್ಲಿನ ಹಕ್ಕಿಗಳನ್ನೇ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

ಈಗಷ್ಟೇ ಶುರು ಮಾಡಿದ್ದೇನೆ. ಮೊದಲು ಎಲ್ಲಿಗೆ ಹೋಗಲಿ?

ಎಲ್ಲಿಗೂ ಹೋಗಬೇಡಿ. ಮನೆ ಮುಂದಿನ ಬೇವಿನ ಮರ, ಬೀದಿಯ ಕರೆಂಟು ತಂತಿ, ಹಿತ್ತಲ ಬೇಲಿ ಸಾಕು. ಬೆಳಗ್ಗೆ ಅರ್ಧ ಗಂಟೆ ಸುಮ್ನೆ ಕೂತು ಕೇಳಿ. ಕಾಗೆ, ಗುಬ್ಬಿ, ಗೊರವಂಕ, ಬೆಳವ, ಪಿಕಳಾರ, ಕಾಜಾಣ, ಸೂರಕ್ಕಿ, ಸಿಂಪಿಗ, ಮಿಂಚುಳ್ಳಿ, ಟಿಟ್ಟಿಭ, ಕೆಂಬೂತ. ಇವಿಷ್ಟನ್ನು ಕಣ್ಣು ಮುಚ್ಚಿಕೊಂಡು ಹೇಳುವಂತಾಗಬೇಕು. ಗೊತ್ತಿರುವ ದನಿಗಳ ನಡುವೆ ಗೊತ್ತಿಲ್ಲದ ದನಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಯಾವುದೂ ಗೊತ್ತಿಲ್ಲದಿದ್ದರೆ ಎಲ್ಲವೂ ಗದ್ದಲವೇ.

ಹೊಸಬರು ಬಹಳ ಜನ ಮೊದಲ ದಿನವೇ ಅಪರೂಪದ ಹಕ್ಕಿ ಹುಡುಕಿಕೊಂಡು ಬೈಕ್ ಹತ್ತುತ್ತಾರೆ. ಅಪರೂಪದ್ದು ಎದುರಿಗೇ ಕೂತರೂ ಅದು ಅಪರೂಪದ್ದು ಎಂದು ಗೊತ್ತಾಗಬೇಕಾದರೆ ಮಾಮೂಲಿ ಹಕ್ಕಿಗಳು ಚೆನ್ನಾಗಿ ಗೊತ್ತಿರಬೇಕು ಅಲ್ವಾ?

ಕೂಗು ಮೊದಲು ಕಲಿಯಬೇಕೋ, ರೂಪ ಮೊದಲೋ?

ಎರಡೂ ಜೊತೆಗೇ ಬರುತ್ತವೆ. ಆದರೂ ನನ್ನನ್ನು ಕೇಳಿದರೆ ಕಿವಿಗೇ ಮೊದಲ ಮಣೆ. ನಮ್ಮ ಕಡೆ ಖಾಲಿ ಬಿದ್ದ ಜಾಗವೆಲ್ಲ ಬಳ್ಳಾರಿ ಜಾಲಿ. ಅದರೊಳಗೆ ಸೇರಿಕೊಂಡ ಸಣ್ಣ ಹಕ್ಕಿ ಕಣ್ಣಿಗೆ ಬೀಳುವುದೇ ಕಷ್ಟ. ಸಿಂಪಿಗ ಬೆರಳುದ್ದದ ಹಕ್ಕಿ, ಆದರೆ ‘ಟುವ್ವಿ ಟುವ್ವಿ ಟುವ್ವಿ’ ಎನ್ನುವ ಅದರ ದನಿ ನಾಲ್ಕು ಮನೆ ಆಚೆಗೂ ಕೇಳುತ್ತದೆ. ಅದೇ ಜಾಲಿಯೊಳಗೆ ಇರುವ ಬೂದು ಉಲಿಯಕ್ಕಿ ಗಾಬರಿಯಾದಾಗ ‘ಚಟ್ ಚಟ್’ ಎಂದು ಕಡ್ಡಿ ಮುರಿದ ಸದ್ದು ಮಾಡುತ್ತಾ ಹಾರುತ್ತದೆ. ಆ ಸದ್ದು ಕೇಳಿದರೆ ಮತ್ತೆ ನೋಡುವ ಅಗತ್ಯವೇ ಇಲ್ಲ. ಹಕ್ಕಿ ಎಲ್ಲಿದೆ ಎಂದು ಕಿವಿ ಹೇಳುತ್ತದೆ, ಯಾವುದು ಎಂದು ಕಣ್ಣು ಖಾತ್ರಿ ಮಾಡುತ್ತದೆ.

ಹಕ್ಕಿ ಎರಡೇ ಸೆಕೆಂಡು ಕಂಡು ಹಾರಿಹೋಗುತ್ತದೆ. ಅಷ್ಟರಲ್ಲಿ ಏನು ನೋಡಿಕೊಳ್ಳಬೇಕು?

ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಗಿನ ಓರೆ ಬಿಸಿಲಿನಲ್ಲಿ, ಹಕ್ಕಿಯ ಹಿಂದೆ ಆಕಾಶ ಇದ್ದಾಗ ಬಣ್ಣ ಮೋಸ ಮಾಡುತ್ತದೆ. ಮೊದಲು ಗಾತ್ರ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ? ಗುಬ್ಬಿ ಸುಮಾರು 15 ಸೆಂಟಿಮೀಟರ್, ಗೊರವಂಕ 23, ಕಾಗೆ 40ರ ಆಸುಪಾಸು, ಹದ್ದು 60. ಈ ನಾಲ್ಕು ಅಳತೆ ತಲೆಯಲ್ಲಿದ್ದರೆ ‘ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು’ ಎಂದು ಹೇಳಬಹುದು. ಸಾಧ್ಯತೆಗಳು ಅಲ್ಲಿಗೇ ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಆಮೇಲೆ ಕೊಕ್ಕು. ಗಿಡ್ಡ ದಪ್ಪ ಕೊಕ್ಕು ಇದ್ದರೆ ಕಾಳು ತಿನ್ನುವುದು. ಸಪೂರ ಚೂಪು ಕೊಕ್ಕು ಇದ್ದರೆ ಹುಳ ಹೆಕ್ಕುವುದು. ತುದಿ ಬಾಗಿ ಕೊಕ್ಕೆಯಾಗಿದ್ದರೆ ಬೇಟೆಯದು. ಬಾಲ ಕವಲೋ, ದುಂಡೋ, ಕುಳಿತಾಗ ಅದನ್ನು ಎತ್ತಿ ಕುಣಿಸುತ್ತದೋ? ಹಾರಾಟ ನೇರವೋ, ಏರಿಳಿತದ್ದೋ? ಕೊನೆಯದಾಗಿ, ಅದು ಎಲ್ಲಿ ಏನು ಮಾಡುತ್ತಿತ್ತು? ಎಮ್ಮೆಯ ಬೆನ್ನ ಮೇಲೆ ಕೂತ ಕಪ್ಪು ಹಕ್ಕಿಗೂ ಅರಳಿ ಹಣ್ಣು ತಿನ್ನುತ್ತಿರುವ ಕಪ್ಪು ಹಕ್ಕಿಗೂ ಬಣ್ಣ ಒಂದೇ. ಮೊದಲನೆಯದು ಕಾಜಾಣ, ಎರಡನೆಯದು ಗಂಡು ಕೋಗಿಲೆ.

ಗದ್ದೆಯಲ್ಲಿರುವ ಬೆಳ್ಳಕ್ಕಿಗಳೆಲ್ಲ ಒಂದೇ ಅಲ್ವಾ?

ಅಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ತುಂಗಭದ್ರೆಯ ಆಚೆ ದಡದ ಕಂಪ್ಲಿ, ಸಿರುಗುಪ್ಪ ಎಲ್ಲ ಕಡೆ ಭತ್ತದ ಗದ್ದೆಯಲ್ಲಿ ಕನಿಷ್ಠ ನಾಲ್ಕು ಬಗೆಯ ಬೆಳ್ಳಕ್ಕಿ ಸಿಗುತ್ತವೆ. ಕೊಕ್ಕು ಮತ್ತು ಕಾಲು ನೋಡಿದರೆ ಮುಗಿಯಿತು.

ಕೊಕ್ಕು ಕಪ್ಪು, ಕಾಲು ಕಪ್ಪು, ಆದರೆ ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಕೆಸರಿನಲ್ಲಿ ನಿಂತಾಗ ಪಾದ ಕಾಣುವುದಿಲ್ಲ, ಹಾರಲು ಬಿಡಿ. ಗಿಡ್ಡ ಹಳದಿ ಕೊಕ್ಕು, ಗಿಡ್ಡ ಕುತ್ತಿಗೆ ಇದ್ದು ದನ ಎಮ್ಮೆಗಳ ಕಾಲ ಬುಡದಲ್ಲೋ ಟ್ರ್ಯಾಕ್ಟರ್ ಹಿಂದೆಯೋ ಓಡಾಡುತ್ತಿದ್ದರೆ ಗೋವಕ್ಕಿ. ಮರಿ ಮಾಡುವ ಕಾಲದಲ್ಲಿ ಅದರ ತಲೆ, ಬೆನ್ನು ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಉಳಿದವು ಎರಡು, ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿ. ಇವೆರಡರಲ್ಲೇ ಜಗಳ ಜಾಸ್ತಿ. ಬಾಯಿಯ ಗೆರೆ ಕಣ್ಣಿನ ಕೆಳಗೇ ನಿಂತರೆ ಮಧ್ಯಮ, ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ದೊಡ್ಡದರ ಕುತ್ತಿಗೆ ನಡುವೆ ಗಂಟು ಬಿದ್ದಂತೆ ಸೊಟ್ಟಗಿರುತ್ತದೆ.

ಕಾಲುವೆ ಏರಿಯ ಮೇಲೆ ಕಂದು ಗೆರೆಗಳ, ಕುಗ್ಗಿ ಕೂತ ಹಕ್ಕಿಯೊಂದು ನೀವು ಹತ್ತಿರ ಹೋದ ಕೂಡಲೇ ‘ಕ್ವಾಕ್’ ಎಂದು ಬೆಳ್ಳಗೆ ರೆಕ್ಕೆ ಬಿಚ್ಚಿ ಹಾರಿತೇ? ಅದು ಬೆಳ್ಳಕ್ಕಿ ಅಲ್ಲ, ಕೊಳದ ಬಕ.

ಕೂಗನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ಅಲ್ಲೇ ಬರೆದುಕೊಳ್ಳಿ. ನಿಮ್ಮ ಕಿವಿಗೆ ಹೇಗೆ ಕೇಳಿತೋ ಹಾಗೇ, ಕನ್ನಡ ಅಕ್ಷರದಲ್ಲಿ. ಬೇರೆಯವರು ಬರೆದ ಸದ್ದಿಗಿಂತ ನೀವು ಬರೆದ ಸದ್ದು ನಿಮಗೆ ಚೆನ್ನಾಗಿ ನೆನಪಿರುತ್ತದೆ. ಅದರ ಪಕ್ಕದಲ್ಲಿ ಮೂರು ಸಂಗತಿ ಗುರುತು ಹಾಕಿ. ದನಿ ಒಂದೇ ಮಟ್ಟದಲ್ಲಿತ್ತೋ, ಏರುತ್ತಾ ಹೋಯಿತೋ, ಇಳಿಯಿತೋ? ಎಷ್ಟು ಸಲ ಹೇಳಿ ನಿಲ್ಲಿಸಿತು? ದನಿ ತಿಳಿಯಾಗಿತ್ತೋ, ಒಡಕೋ?

ಗೌಜಲಹಕ್ಕಿಯನ್ನು ತೆಗೆದುಕೊಳ್ಳಿ. ಕುಷ್ಟಗಿ, ಲಿಂಗಸುಗೂರು ಕಡೆ ಕುರುಚಲು ಇರುವಲ್ಲೆಲ್ಲ ಬೆಳಗ್ಗೆ ಇದೇ ಕೂಗು. ಶುರುವಿನಲ್ಲಿ ಒಂದೆರಡು ಸಣ್ಣ ‘ಕಿಲ ಕಿಲ’, ಆಮೇಲೆ ‘ಕತೀತರ್ ಕತೀತರ್ ಕತೀತರ್’ ಎಂದು ಜೋರಾಗುತ್ತಾ ಹೋಗುತ್ತದೆ. ಒಂದು ಕೂಗಿದರೆ ಆಚೆ ಹೊಲದಿಂದ ಇನ್ನೊಂದು ಉತ್ತರ ಕೊಡುತ್ತದೆ. ಕೆಂಬೂತದ್ದು ಇದಕ್ಕೆ ಪೂರ್ತಿ ಬೇರೆ. ‘ಊಪ್ ಊಪ್ ಊಪ್ ಊಪ್’ ಎಂದು ಗುಡಾಣದೊಳಗಿಂದ ಬಂದಂತೆ ಕೇಳುತ್ತದೆ. ಹಕ್ಕಿ ಬೇಲಿಯೊಳಗೇ ಇರುತ್ತದೆ, ದನಿ ಊರ ಆಚೆಯಿಂದ ಬಂದಂತೆ ಅನ್ನಿಸುತ್ತದೆ.

ದಿನಕ್ಕೆ ಒಂದು ಕೂಗು ಸಾಕು. ಮೊಬೈಲ್‌ನಲ್ಲಿ ಒಮ್ಮೆಗೇ ಇಪ್ಪತ್ತು ಕೂಗು ಕೇಳಿದರೆ ಮರುದಿನ ಒಂದೂ ಉಳಿದಿರುವುದಿಲ್ಲ.

ಒಂದೇ ಹಕ್ಕಿ ಬೇರೆ ಬೇರೆ ಥರ ಕೂಗುತ್ತದಲ್ಲ?

ಹೌದು. ಹಾಡು ಬೇರೆ, ಕೂಗು ಬೇರೆ. ಹಾಡುವುದು ಹೆಚ್ಚಾಗಿ ಗಂಡು, ಜಾಗ ನನ್ನದು ಎಂದು ಸಾರುವುದಕ್ಕೆ, ಹೆಣ್ಣನ್ನು ಕರೆಯುವುದಕ್ಕೆ. ಅದು ಮರಿ ಮಾಡುವ ಕಾಲಕ್ಕೆ ಸೇರಿದ್ದು. ಉಳಿದ ಚಿಕ್ಕ ಕೂಗುಗಳು ವರ್ಷವಿಡೀ ಇರುತ್ತವೆ. ಎಚ್ಚರಿಕೆಗೆ ಒಂದು, ಗುಂಪು ಚದುರದಿರಲಿ ಎಂದು ಇನ್ನೊಂದು, ಮರಿ ಹಸಿದಾಗ ಮತ್ತೊಂದು. ಹರಟೆಮಲ್ಲಗಳ ಗುಂಪು ಇದ್ದಕ್ಕಿದ್ದಂತೆ ಒಂದೇ ಕಡೆ ಮುಖ ಮಾಡಿ ಗಲಾಟೆ ಎಬ್ಬಿಸಿದರೆ ಅಲ್ಲಿ ಹಾವೋ, ಮುಂಗುಸಿಯೋ, ಗೂಬೆಯೋ ಇರುತ್ತದೆ. ನಿಧಾನವಾಗಿ ಆ ಕಡೆ ನೋಡಿ. ಸುಲಭವಾಗಿ ಕಾಣದ ಗೂಬೆ ಎಷ್ಟೋ ಸಲ ಹೀಗೇ ಕಾಣಸಿಗುತ್ತದೆ.

ನಡು ಮಧ್ಯಾಹ್ನ ‘ಟುಕ್ ಟುಕ್ ಟುಕ್’ ಎಂದು ನಿಲ್ಲದೆ ಬಡಿಯುವ ಸದ್ದು ಯಾವುದು?

ಕಂಚುಕುಟಿಗ. ತಾಮ್ರದ ಕೊಡವನ್ನು ಸಣ್ಣ ಸುತ್ತಿಗೆಯಲ್ಲಿ ಬಡಿದ ಸದ್ದು. ನಿಮಿಷಕ್ಕೆ ನೂರರ ಆಸುಪಾಸು ಹೊಡೆತ, ಒಂದೇ ಅಂತರದಲ್ಲಿ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಬಳ್ಳಾರಿ ಪೇಟೆಯ ನಡುವಿನ ಆಲದ ಮರದಲ್ಲೂ ಕೇಳುತ್ತದೆ. ಬೇರೆ ಹಕ್ಕಿಗಳೆಲ್ಲ ಬಾಯಿ ಮುಚ್ಚಿರುವ ಹೊತ್ತಿನಲ್ಲಿ ಇದೊಂದೇ ಬಡಿಯುತ್ತಿರುತ್ತದೆ.

ಕಾಣುವುದು ಕಷ್ಟ. ಗುಬ್ಬಿಗಿಂತ ಸ್ವಲ್ಪ ದಪ್ಪ, ಎಲೆಯದೇ ಹಸಿರು. ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಹಾಗಾಗಿ ಸದ್ದು ಎತ್ತಲಿಂದ ಬಂತು ಎಂದು ತಿಳಿಯುವುದಿಲ್ಲ. ಮರದ ತುದಿಯ ಒಣ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಹಣೆ ಮೇಲೆ ಕೆಂಪು, ಗಂಟಲು ಹಳದಿ, ಅದರ ಕೆಳಗೆ ಎದೆಯ ಮೇಲೆ ಇನ್ನೊಂದು ಕೆಂಪು ಪಟ್ಟಿ, ಕಣ್ಣ ಸುತ್ತ ಹಳದಿ. ಸಿಕ್ಕಿದರೆ ಬೈನಾಕ್ಯುಲರ್‌ನಲ್ಲಿ ಗಂಟಲನ್ನು ಗಮನಿಸಿ. ಕೊಕ್ಕು ಮುಚ್ಚಿಯೇ ಇರುತ್ತದೆ, ಪ್ರತಿ ‘ಟುಕ್’ಗೂ ಗಂಟಲ ಚರ್ಮ ಉಬ್ಬಿ ಇಳಿಯುತ್ತದೆ.

ಕೋಗಿಲೆ ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೇ. ಯುಗಾದಿ ಹತ್ತಿರ ಬಂದಾಗ ಗಂಡು ‘ಕುಹೂ, ಕುಹೂ’ ಎಂದು ಏರು ದನಿಯಲ್ಲಿ ಶುರು ಮಾಡುತ್ತದೆ. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದು ಹಾಡುವುದಿಲ್ಲ, ‘ಕಿಕ್ ಕಿಕ್ ಕಿಕ್’ ಎಂದು ಒರಟಾಗಿ ಕೂಗುತ್ತದೆ. ಹೆಣ್ಣು ಕೋಗಿಲೆಯನ್ನು ಬೇರೆ ಯಾವುದೋ ಹಕ್ಕಿ ಎಂದುಕೊಂಡು ಫೋಟೋ ಕಳಿಸುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಗಂಡು ಹೆಣ್ಣು ಎರಡಕ್ಕೂ ಕಣ್ಣು ಕೆಂಪು, ಅದನ್ನು ನೋಡಿ.

ಮುಂಗಾರಿಗೆ ಮುಂಚೆ ಇನ್ನೊಂದು ದನಿ ಸೇರಿಕೊಳ್ಳುತ್ತದೆ. ‘ಪಿಯೂ, ಪಿಯೂ, ಪಿಪೀಪಿಯೂ’. ಅದು ಚಾತಕ. ತಲೆ ಮೇಲೆ ಜುಟ್ಟು, ಮೇಲೆಲ್ಲ ಕಪ್ಪು, ಕೆಳಗೆಲ್ಲ ಬಿಳಿ. ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟರೆ ಚಾತಕ ಹರಟೆಮಲ್ಲದ ಗೂಡಿನಲ್ಲಿ ಇಡುತ್ತದೆ.

ಮೇಲೆ ಸುತ್ತುತ್ತಿರುವುದು ಹದ್ದೋ, ಗರುಡವೋ?

ಬಾಲ ನೋಡಿ. ಕವಲಿದ್ದರೆ ಹದ್ದು, ದುಂಡಗಿದ್ದರೆ ಗರುಡ. ಗರುಡದ ಮರಿ ಕಂದಾಗಿರುತ್ತದೆ, ಬಿಳಿ ತಲೆ ಇರುವುದಿಲ್ಲ. ಆಗಲೂ ಬಾಲ ದುಂಡಗೇ ಇರುತ್ತದೆ.

ಟಿಟ್ಟಿಭದಲ್ಲಿ ಎರಡು ಜಾತಿ ಎನ್ನುತ್ತಾರೆ. ಗುರುತು ಹೇಗೆ?

ಕಣ್ಣ ಮುಂದಿನ ಜೋಲು ಚರ್ಮ ಕೆಂಪಾಗಿದ್ದರೆ ಕೆಂಪು ಟಿಟ್ಟಿಭ, ಹಳದಿಯಾಗಿದ್ದರೆ ಹಳದಿ ಟಿಟ್ಟಿಭ. ಕೆಂಪಿನದು ನೀರಿನ ಹತ್ತಿರ ಜಾಸ್ತಿ, ಎದೆ ಕಪ್ಪು, ‘ಟಿಟ್ಟಿಟ್ಟೀಟಿ’ ಎಂದು ಬೊಬ್ಬೆ ಹೊಡೆಯುತ್ತದೆ. ಹಳದಿಯದು ಒಣ ಬೀಳು ನೆಲದ್ದು, ತಲೆಗೆ ಕರಿ ಟೊಪ್ಪಿಗೆ, ದನಿಯೂ ಕಡಿಮೆ. ಬೀಳು ಹೊಲಕ್ಕೆಲ್ಲ ನೀರಾವರಿ ಬಂದ ಕಡೆ ಹಳದಿಯದಕ್ಕೆ ಜಾಗವಿಲ್ಲ. ಹಾಗಾಗಿ ಅದನ್ನು ಕಂಡರೆ ಜಾಗದ ಹೆಸರು ಬರೆದಿಟ್ಟುಕೊಳ್ಳಿ.

ಎರಡೂ ಬರೀ ನೆಲದ ಮೇಲೆ, ಕಲ್ಲಿನ ನಡುವೆ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ಟಿಟ್ಟಿಭ ನಿಮ್ಮ ತಲೆ ಮೇಲೇ ಸುತ್ತಿ ಕಿರುಚುತ್ತಿದ್ದರೆ ಮೊಟ್ಟೆ ಹುಡುಕಲು ಹೋಗಬೇಡಿ. ಬಂದ ದಾರಿಯಲ್ಲೇ ವಾಪಸ್ ಹೋಗಿ. ಮೊಟ್ಟೆ ನೆಲದ ಬಣ್ಣದಲ್ಲೇ ಇರುವುದರಿಂದ ಕಾಲಡಿ ಸಿಕ್ಕಿದ ಮೇಲೇ ಗೊತ್ತಾಗುವುದು.

ರಾತ್ರಿ ಕೂಗುವ ಹಕ್ಕಿಗಳು ಯಾವುವು?

ರಾತ್ರಿ ಕೇಳುವ ಪ್ರತಿ ದನಿಯನ್ನೂ ಗೂಬೆಯ ಲೆಕ್ಕಕ್ಕೆ ಹಾಕುವುದು ರೂಢಿ. ನಿಜವಾಗಿ ಕೂಗುವವರ ಪಟ್ಟಿ ದೊಡ್ಡದು.

ಕತ್ತಲಾಗುತ್ತಿದ್ದಂತೆ ಹುಣಸೆ ಮರದ ಪೊಟರೆಯಿಂದ ‘ಚಿರ್ರ್ ಚಿರ್ರ್, ಚಿವಕ್ ಚಿವಕ್’ ಎಂದು ಎರಡು ಮೂರು ದನಿ ಒಟ್ಟಿಗೆ ಕಚ್ಚಾಡಿದಂತೆ ಕೇಳಿದರೆ ಅದು ಹಾಲಕ್ಕಿ. ಬುಡಬುಡಿಕೆಯವರು ಶಕುನ ಹೇಳುವಾಗ ಕರೆಯುವುದು ಇದನ್ನೇ. ಗೊರವಂಕಕ್ಕಿಂತ ಚಿಕ್ಕದು, ದುಂಡು ತಲೆ, ಹಳದಿ ಕಣ್ಣು, ಮೈಮೇಲೆ ಬಿಳಿ ಚುಕ್ಕೆ. ಹಗಲಲ್ಲೂ ಪೊಟರೆಯ ಬಾಯಲ್ಲಿ ಕೂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ನಿಮ್ಮನ್ನೇ ನೋಡುತ್ತದೆ.

ಬಂಡೆ ಗುಡ್ಡದ ಕಡೆಯಿಂದ ಗಂಭೀರವಾಗಿ ‘ಬು... ಬೋಓ’ ಎಂದು ಎರಡನೆಯ ಅಕ್ಷರ ಎಳೆದು ಕೇಳಿದರೆ ಕೊಂಬಿನ ಗೂಬೆ. ಕಿತ್ತಳೆ ಬಣ್ಣದ ದೊಡ್ಡ ಕಣ್ಣು, ತಲೆ ಮೇಲೆ ಎರಡು ಕೊಂಬಿನಂಥ ಗರಿ. ಆನೆಗೊಂದಿ, ಕೊಪ್ಪಳ, ಸಂಡೂರು ಕಡೆಯ ಬಂಡೆಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಳೆ ಕೋಟೆ, ಗುಡಿಗಳಲ್ಲಿ ಕರ್ಕಶವಾಗಿ ‘ಶ್ರೀಈಈ’ ಎಂದು ಕಿರುಚುವುದು ಕಣಜ ಗೂಬೆ. ಮುಖ ಬೆಳ್ಳಗೆ, ವೀಳ್ಯದೆಲೆಯ ಆಕಾರ.

ಇನ್ನು ‘ಚುಕ್ ಚುಕ್ ಚುಕ್ ಚುಕ್ರ್ರ್’ ಎಂದು ಶುರುವಾಗಿ ಕೊನೆಗೆ ಬೇಗ ಬೇಗ ಆಗಿ ನಿಲ್ಲುವ ಸದ್ದು ನತ್ತಿಂಗದ್ದು. ರಾತ್ರಿ ಹೊಲದ ದಾರಿಯಲ್ಲಿ ಬೈಕ್ ಬೆಳಕಿಗೆ ನೆಲದ ಮೇಲೆ ಕೆಂಪಗೆ ಹೊಳೆಯುವ ಕಣ್ಣು ಇದರದೇ. ಟಿಟ್ಟಿಭವೂ ರಾತ್ರಿಯೆಲ್ಲ ಎದ್ದಿರುತ್ತದೆ. ಬೇಸಿಗೆಯ ಬೆಳದಿಂಗಳಲ್ಲಿ ಕೋಗಿಲೆಯೂ ಕೂಗುತ್ತದೆ.

ಗೂಬೆ ಕೂಗಿದರೆ ಕೆಟ್ಟದ್ದಾಗುತ್ತದೆಯೇ?

ಇಲಿಗಳಿಗೆ ಮಾತ್ರ. ಭತ್ತದ ಸೀಮೆಯಲ್ಲಿ ಇಲಿ ಕಾಟ ಎಷ್ಟು ಎಂದು ರೈತರಿಗೆ ಹೇಳಬೇಕಾಗಿಲ್ಲ. ಗೂಬೆ ಕೂತ ಮರ ಕಡಿಸುವವರು ಕೈಯಾರೆ ಕಾವಲುಗಾರನನ್ನು ಓಡಿಸುತ್ತಿದ್ದಾರೆ.

ಗುಬ್ಬಿಗೂ ಗೀಜಗಕ್ಕೂ ವ್ಯತ್ಯಾಸ ಗೊತ್ತಾಗುತ್ತಿಲ್ಲ.

ಮಳೆಗಾಲದಲ್ಲಿ ಬಲು ಸುಲಭ. ಗಂಡು ಗೀಜಗದ ನೆತ್ತಿ ಎದೆ ಅಚ್ಚ ಹಳದಿ, ಮುಖಕ್ಕೆ ಕರಿ ಮುಸುಕು. ಬಾವಿಯ ಮೇಲೆ ಬಾಗಿದ ಜಾಲಿಯಲ್ಲೋ ಈಚಲು ಮರದಲ್ಲೋ ಗೂಡು ನೇತಾಡುತ್ತಿರುತ್ತದೆ, ‘ಚಿಟ್ ಚಿಟ್ ಚೀಈಈ’ ಎಂಬ ಗುಂಪಿನ ಹಾಡು ದೂರಕ್ಕೆ ಕೇಳುತ್ತದೆ. ಚಳಿಗಾಲದಲ್ಲಿ ಹಳದಿ ಹೋಗಿ ಗಂಡು ಹೆಣ್ಣು ಎರಡೂ ಹೆಣ್ಣು ಗುಬ್ಬಿಯಂತೆ ಆಗುತ್ತವೆ. ಆಗ ಕೊಕ್ಕು ನೋಡಿ. ಗೀಜಗದ್ದು ಬುಡದಲ್ಲಿ ತುಂಬಾ ದಪ್ಪ, ಬಾಲ ಗಿಡ್ಡ. ಜಾಗವೂ ಸುಳಿವು ಕೊಡುತ್ತದೆ. ಕಿರಾಣಿ ಅಂಗಡಿ ಮುಂದೆ ಅಕ್ಕಿ ಹೆಕ್ಕುವುದು ಗುಬ್ಬಿ, ಗದ್ದೆ ಬದುವಿನ ಜಂಬು ಹುಲ್ಲಿನಲ್ಲಿ ಗುಂಪಾಗಿರುವುದು ಗೀಜಗ.

ಜೋಳ ಹಾಲುಗಾಳಾದಾಗ ಸಾವಿರಗಟ್ಟಲೆ ಬಂದು ಇಳಿಯುವ ಹಕ್ಕಿ ಯಾವುದು?

ಗುಲಾಬಿ ಕಬ್ಬಕ್ಕಿ. ಮೈ ಗುಲಾಬಿ, ತಲೆ, ರೆಕ್ಕೆ, ಬಾಲ ಕಪ್ಪು. ಎಳೆಯವು ಮಾಸಲು ಕಂದು. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಎರೆ ಹೊಲಗಳಿಗೆ ಬರುತ್ತದೆ. ಸೀತನಿ ತಿನ್ನುವ ಕಾಲಕ್ಕೆ ಸರಿಯಾಗಿ ಇದೂ ಹಾಜರು. ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಕಾದ ಹಿರಿಯರಿಗೆ ಇದರ ಮೇಲೆ ಪ್ರೀತಿ ಇರಲು ಸಾಧ್ಯವಿಲ್ಲ, ಅದು ನ್ಯಾಯವೇ. ಆದರೆ ಇದೇ ಹಕ್ಕಿ ಮಿಡತೆಯನ್ನೂ ರಾಶಿ ರಾಶಿ ತಿನ್ನುತ್ತದೆ.

ಸಂಜೆ ಮಲಗಲು ಹೋಗುವಾಗ ಗುಂಪು ಒಂದೇ ಮೈಯಾಗಿ ಹಿಗ್ಗಿ ಕುಗ್ಗಿ ತಿರುಗುವುದನ್ನು ನೋಡಲು ಮರೆಯಬೇಡಿ. ಮಲಗುವ ಮರ ಸಿಕ್ಕಿದರೆ ಅದರ ಕೆಳಗೆ ಬೈಕ್ ನಿಲ್ಲಿಸಬೇಡಿ.

ಕೂಗು ಗುರುತಿಸುವ ಆ್ಯಪ್ ಇದೆಯಲ್ಲ, ಅದು ಸಾಲದೇ?

ಮರ್ಲಿನ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು. ಭಾರತದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲೂ ಕೆಲಸ ಮಾಡುತ್ತದೆ. ಬಳಸಿ, ಒಳ್ಳೆಯದೇ. ಆದರೆ ಅದು ಹೇಳಿದ್ದನ್ನು ಸುಳಿವು ಎಂದುಕೊಳ್ಳಿ, ತೀರ್ಪು ಎಂದುಕೊಳ್ಳಬೇಡಿ. ಗಾಳಿ ಬೀಸಿದರೆ, ಪಕ್ಕದಲ್ಲಿ ಪಂಪ್‌ಸೆಟ್ ಓಡುತ್ತಿದ್ದರೆ, ಕಪ್ಪೆ ವಟಗುಟ್ಟುತ್ತಿದ್ದರೆ ತಪ್ಪು ಹೆಸರು ಬರುತ್ತದೆ. ಇಲ್ಲಿ ಇಲ್ಲವೇ ಇಲ್ಲದ ಹಕ್ಕಿಯ ಹೆಸರು ಬಂದರೆ ಖುಷಿಪಡುವ ಮೊದಲು ಹಕ್ಕಿಯನ್ನು ಕಣ್ಣಿಂದ ನೋಡಿ.

ರೆಕಾರ್ಡ್ ಮಾಡುವಾಗ ಮೊಬೈಲನ್ನು ಹಕ್ಕಿಯ ಕಡೆ ಹಿಡಿದು ಅಲ್ಲಾಡದೆ ನಿಲ್ಲಿ. ಕೊನೆಯಲ್ಲಿ ನಿಮ್ಮ ದನಿಯಲ್ಲೇ ಊರು, ತಾರೀಕು, ಹೊತ್ತು ಹೇಳಿಬಿಡಿ. ಮುಂದೆ ಫೈಲ್ ಹುಡುಕುವಾಗ ಪರದಾಡುವುದು ತಪ್ಪುತ್ತದೆ.

ಆ್ಯಪ್ ಬಿಜ್ಜು ಎಂದಿತು. ಮರದಲ್ಲಿ ನೋಡಿದರೆ ಕಾಜಾಣ ಮಾತ್ರ ಇತ್ತು!

ಆ್ಯಪ್ ಅಷ್ಟೇ ಅಲ್ಲ, ಬೇರೆ ಹಕ್ಕಿಗಳೂ ಇಲ್ಲಿ ಮೋಸ ಹೋಗುತ್ತವೆ. ಕಾಜಾಣ ಒಳ್ಳೆ ಅನುಕರಣೆಗಾರ. ಬಿಜ್ಜು ಸಣ್ಣ ಬೇಟೆ ಹಕ್ಕಿ, ‘ಟಿಟೂ ಟಿಟೂ’ ಎಂದು ಕೂಗುತ್ತದೆ. ಕಾಜಾಣ ಇದನ್ನೇ ಕೂಗಿ ಗೊರವಂಕಗಳನ್ನು ಬೆದರಿಸುತ್ತದೆ, ಅವು ಬಿಟ್ಟು ಓಡಿದ ಹುಳ ಇದರ ಪಾಲು. ದನಿಯ ಜೊತೆಗೆ ಕಾಜಾಣದ್ದೇ ಒರಟು ‘ಟೀ ಟೀ’ಗಳೂ ಬೆರೆತಿದ್ದರೆ ಅನುಮಾನ ಪಡಿ. ಕವಲು ಬಾಲದ ಕಪ್ಪು ಹಕ್ಕಿ ತಂತಿ ಮೇಲೆ ಕೂತಿರುತ್ತದೆ.

ಬಿಜ್ಜು ವಿಷಯದಲ್ಲೇ ಇನ್ನೊಂದು ಗೊಂದಲ ಇದೆ. ಬಿಜ್ಜುವಿನದೇ ಬಣ್ಣ, ಅದರದೇ ಗಾತ್ರದ ಕೋಗಿಲೆ ಜಾತಿಯ ಹಕ್ಕಿಯೊಂದಿದೆ. ಬೇಸಿಗೆಯಲ್ಲಿ ಮೂರಕ್ಷರದ ಕೂಗನ್ನು ಏರಿಸುತ್ತಾ ಏರಿಸುತ್ತಾ ಕಿರುಚುವ ಮಟ್ಟಕ್ಕೆ ಹೋಗಿ ಥಟ್ಟನೆ ನಿಲ್ಲಿಸುವುದು ಅದೇ. ಉತ್ತರದವರು ಪಪೀಹಾ ಎನ್ನುತ್ತಾರೆ. ಕೊಕ್ಕು ನೇರವಾಗಿದ್ದರೆ ಪಪೀಹಾ, ಕೊಕ್ಕೆಯಾಗಿದ್ದರೆ ಬಿಜ್ಜು.

ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯಬಹುದೇ?

ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಅದು ಮರಿಗೆ ಉಣಿಸುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಫೋಟೋ ಸಿಗುತ್ತದೆ, ಅದಕ್ಕೆ ಬೆಳಗಿನ ಹೊತ್ತು ಹಾಳು. ಒಂದೇ ಜಾಗಕ್ಕೆ ದಿನಾ ಜನ ಬಂದು ಇದನ್ನೇ ಮಾಡಿದರೆ ಹಕ್ಕಿ ಆ ಜಾಗವನ್ನೇ ಬಿಡಬಹುದು. ಗೂಡಿನ ಫೋಟೋಗೂ ಇದೇ ಉತ್ತರ.

ಈ ಭಾಗದಲ್ಲಿ ಎಲ್ಲಿಗೆ, ಯಾವ ಕಾಲಕ್ಕೆ ಹೋಗಬೇಕು?

ನೀರು ಹಕ್ಕಿಗಳಿಗೆ ನವೆಂಬರ್‌ನಿಂದ ಫೆಬ್ರವರಿ. ತುಂಗಭದ್ರಾ ಡ್ಯಾಂ ಹಿನ್ನೀರು ಇಳಿಯುತ್ತಾ ಹೋದಂತೆ ಬಯಲು ಬೀಳುವ ದಂಡೆಯಲ್ಲಿ ಬಾತು, ಗೊರವ, ರಾಜಹಂಸಗಳು ಸೇರುತ್ತವೆ. ಪಟ್ಟೆತಲೆ ಹೆಬ್ಬಾತು ಬರುವುದೂ ಆಗಲೇ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಾರುವಾಗ ಮೂಗಿನಿಂದ ‘ಆಂಗ್ ಆಂಗ್’. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ. 98.76 ಹೆಕ್ಟೇರಿನ ಹಳೆಯ ನೀರಾವರಿ ಕೆರೆ, ನೀರಿನ ನಡುವೆ ಜಾಲಿ ಮರಗಳು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಸಲ ಸೇರಿದ್ದು. ಅಂಕಸಮುದ್ರದಲ್ಲಿ ಕೊಕ್ಕರೆ, ಕೆಂಬರಲು, ನೀರುಕಾಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಲಿಯಬಹುದು. ಕೊಕ್ಕು ನೇರ ಇದ್ದರೆ ಕೊಕ್ಕರೆ, ಕುಡುಗೋಲಿನಷ್ಟು ಬಾಗಿದ್ದರೆ ಕೆಂಬರಲು. ಕೊಕ್ಕು ಮುಚ್ಚಿದರೂ ನಡುವೆ ಸಂದು ಕಂಡರೆ ಬಾಯ್ಕಳಕ, ಅದಕ್ಕೆ ಬಸವನಹುಳು ಇಷ್ಟ. ಇಲ್ಲಿ ಕಿವಿಗೆ ಕೆಲಸ ಕಡಿಮೆ. ಬೆಳೆದ ಕೊಕ್ಕರೆಗಳಿಗೆ ದನಿ ಇಲ್ಲವೆಂದೇ ಹೇಳಬಹುದು. ಕೊಕ್ಕನ್ನು ಕಟಕಟ ಬಡಿಯುತ್ತವೆ, ಅಷ್ಟೇ.

ನದಿಗೆ ಹೋದರೆ ಆನೆಗೊಂದಿ, ಕಂಪ್ಲಿ ಹತ್ತಿರ ನದಿ ರೀವ ನೋಡಿ. ಹಳದಿ ಕೊಕ್ಕು, ಕರಿ ನೆತ್ತಿ, ಸೀಳು ಬಾಲ. ಮಾನ್ವಿ, ರಾಯಚೂರು ಕಡೆಯ ಎರೆ ಹೊಲಗಳಲ್ಲಿ ಚಳಿಗಾಲಕ್ಕೆ ಸೆಳೆವಗಳು ಬರುತ್ತವೆ. ಬೆಳೆಯ ಮೇಲೆ ಒಂದಾಳೆತ್ತರದಲ್ಲಿ ತೇಲುತ್ತಾ ಹುಡುಕುವ ಬೇಟೆ ಹಕ್ಕಿ ಕಂಡರೆ ಅದೇ. ಅದೇ ಹೊಲಗಳಲ್ಲಿ ಬೂದು ನೆತ್ತಿಯ ನೆಲಗುಬ್ಬಿಯ ಆಟ ನೋಡಬೇಕು. ಹೊಟ್ಟೆ ಕಪ್ಪಾದ ಪುಟ್ಟ ಗಂಡು ಹಕ್ಕಿ ರೆಕ್ಕೆ ಬಡಿಯುತ್ತಾ ಮೇಲೇರಿ, ರೆಕ್ಕೆ ಮುಚ್ಚಿ ಕಲ್ಲು ಬಿದ್ದಂತೆ ಕೆಳಗೆ ಬರುತ್ತದೆ. ಬೀಳುವಾಗ ‘ವೀಈಈ’ ಎಂದು ಒಂದೇ ಎಳೆ ಶಿಳ್ಳೆ. ನೆಲ ಇನ್ನೇನು ಸಿಕ್ಕಿತು ಎನ್ನುವಾಗ ಮತ್ತೆ ಮೇಲಕ್ಕೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಒಂಬತ್ತರೊಳಗೆ ಮುಗಿಸಿಕೊಂಡು ಬನ್ನಿ.

ಹಂಪಿ, ಆನೆಗೊಂದಿ ಬಂಡೆಗಳಿಗೆ ಹೊರಗಿನವರು ಹುಡುಕಿಕೊಂಡು ಬರುವ ಪಿಕಳಾರ ಯಾವುದು?

ಹಳದಿ ಗಂಟಲಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ತಲೆ, ಗಂಟಲು ಹಳದಿ, ಬೆನ್ನು ಬೂದು, ಬಾಲದ ಬುಡದಲ್ಲಿ ಮತ್ತೆ ಹಳದಿ. ಜುಟ್ಟು ಇಲ್ಲ. ನಮ್ಮ ಹಿತ್ತಲ ಪಿಕಳಾರ ಕಪ್ಪು ತಲೆ, ಕೆಂಪು ಬುಡದ್ದು, ಧೈರ್ಯವಂತ. ಇದು ಮಹಾ ಸಂಕೋಚದ್ದು. ಬಂಡೆಯಿಂದ ಪೊದೆಗೆ, ಪೊದೆಯಿಂದ ಬಂಡೆಯ ಸಂದಿಗೆ. ಮೊದಲು ಜೋರಾದ ಗಿಜಿಗಿಜಿ ದನಿ ಕೇಳುತ್ತದೆ, ಅಲ್ಲೇ ಕೂತು ಕಾಯಬೇಕು. ಹಣ್ಣು ಬಿಟ್ಟ ಗಿಡದ ಹತ್ತಿರ ಕೂರುವುದು ಜಾಣತನ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲೂ ಇದೆ.

ಒಂದು ಎಚ್ಚರಿಕೆ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ನಸುಕಿನಲ್ಲಿ ಒಬ್ಬರೇ ಬಂಡೆ ಸಂದಿಗೆ ನುಗ್ಗಬೇಡಿ.

ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇನ್ನೂ ನಮ್ಮ ಕಡೆ ಇದೆಯೇ?

ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡ ದಾಖಲೆಗಳಿವೆ. ಇಡೀ ದೇಶದಲ್ಲಿ ಉಳಿದಿರುವುದೇ ಇನ್ನೂರಕ್ಕಿಂತ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ. ಸುಮಾರು ಒಂದು ಮೀಟರ್ ಎತ್ತರ, ಬಿಳಿ ಉದ್ದ ಕುತ್ತಿಗೆ, ನೆತ್ತಿ ಕಪ್ಪು, ಬೆನ್ನು ಕಂದು. ದೂರದಿಂದ ಬಿಸಿಲ ಝಳದಲ್ಲಿ ಹೆಣ್ಣು ನವಿಲು ಕೂಡ ಹಾಗೇ ಕಾಣಬಹುದು, ತಲೆ ಮೇಲೆ ನೆಟ್ಟಗೆ ನಿಂತ ಜುಟ್ಟು ಇದ್ದರೆ ಅದು ನವಿಲು. ಎರೆಭೂತವೇ ಎಂದು ಖಾತ್ರಿಯಾದರೆ ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ. ಜಾಗದ ಹೆಸರನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮರುದಿನ ಹತ್ತು ಕಾರು ಹೊಲಕ್ಕೆ ಇಳಿದಿರುತ್ತವೆ.

ಬೈನಾಕ್ಯುಲರ್ ಯಾವುದು ತೆಗೆದುಕೊಳ್ಳಲಿ?

8×42. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಹೊಸಬರಿಗೆ ಹತ್ತು ಪಟ್ಟಿನದು ಕೈ ನಡುಗಿ ಹಕ್ಕಿ ತಪ್ಪಿಸುತ್ತದೆ. ಜಾತ್ರೆಯಲ್ಲಿ ಮಾರುವ ‘ಐವತ್ತು ಪಟ್ಟು’ ದುಡ್ಡು ದಂಡ.

ಮರಿ ನೆಲಕ್ಕೆ ಬಿದ್ದಿದೆ. ಮನೆಗೆ ತರಲೇ?

ಮೈತುಂಬ ಗರಿ ಇದ್ದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ನಾಯಿ ಬರದಂತೆ ಪೊದೆಯ ಮೇಲೆ ಕೂರಿಸಿ ದೂರ ಸರಿಯಿರಿ. ಗರಿಯಿಲ್ಲದ ಮರಿಯಾದರೆ ಗೂಡಿಗೆ ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು.

ಗಿಳಿ, ರಾಟವಾಳ ಸಾಕಬಹುದೇ? ಬುರ್ಲಿ ಹಿಡಿಯಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲ ಅಪರಾಧ. ಸಂತೆಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕೊಳ್ಳಬಹುದು ಎಂದಲ್ಲ.

ನೋಡಿದ್ದನ್ನು ಎಲ್ಲಿ ಬರೆದಿಡಬೇಕು?

ಇಬರ್ಡ್ ಎಂಬ ಆ್ಯಪ್‌ನಲ್ಲಿ ಪಟ್ಟಿ ಹಾಕಿದರೆ ಬೇರೆಯವರಿಗೂ ಉಪಯೋಗ. ಬೆಂಗಳೂರು, ಮೈಸೂರು ಕಡೆಗೆ ಹೋಲಿಸಿದರೆ ನಮ್ಮ ತಾಲ್ಲೂಕುಗಳಿಂದ ಹೋಗುವ ಪಟ್ಟಿ ತೀರಾ ಕಡಿಮೆ. ಹಾಗಾಗಿ ದೇವದುರ್ಗದ ಕೆರೆಯಲ್ಲಿ ಕಂಡ ಮಾಮೂಲಿ ಹುಂಡುಕೋಳಿಗೂ ಬೆಲೆ ಇದೆ. ಆ್ಯಪ್ ಬೇಡವಾದರೆ ನೋಟ್‌ಬುಕ್ಕೇ ಸಾಕು. ತಾರೀಕು, ಹೊತ್ತು, ಊರು, ಹಕ್ಕಿ, ಎಷ್ಟಿದ್ದವು, ಏನು ಮಾಡುತ್ತಿದ್ದವು. ಕೂಗು ಮಾತ್ರ ಕೇಳಿ ಹಕ್ಕಿ ಕಾಣದಿದ್ದರೆ ‘ಕೇಳಿದ್ದು’ ಎಂದೇ ಬರೆಯಿರಿ. ಯಾವುದೆಂದು ತಿಳಿಯದಿದ್ದರೆ ‘ಯಾವುದೋ ನೆಲಗುಬ್ಬಿ’, ‘ಯಾವುದೋ ಸೆಳೆವ’ ಎಂದು ಬರೆದು ಪಕ್ಕದಲ್ಲಿ ಕೂಗನ್ನು ಅಕ್ಷರದಲ್ಲಿ ಗೀಚಿಡಿ.